ಇಸಿಜಿ ಸರಿಯಿದ್ದವರಿಗೂ ಹೃದಯಾಘಾತವಾಗುವುದೇಕೆ?

2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬರತೊಡಗಿದಾಗ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಿಗ್ಗೆಯಿಂದಲೇ ಜನ ಸಾಲುಗಟ್ಟಿ ನಿಂತರು. ಹೃದ್ರೋಗ ತಜ್ಞರ ಹೊರರೋಗಿ ವಿಭಾಗಗಳಲ್ಲೆಲ್ಲ ಆ ದಿನಗಳಲ್ಲಿ ಕೇಳಿಬರುತ್ತಿದ್ದ ಮಾತು ಒಂದೇ: "ಡಾಕ್ಟ್ರೇ, ಒಂದು ಇಸಿಜಿ ಮಾಡಿಬಿಡಿ, ಮನಸ್ಸಿಗೆ ಸಮಾಧಾನವಾಗಲಿ." ರಾಜ್ಯ ಸರ್ಕಾರ ನೇಮಿಸಿದ ತಜ್ಞರ ಸಮಿತಿಯು 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು ಅಥವಾ ಸಂಬಂಧಿಸಿರಬಹುದಾದವು ಎಂದೂ, ಉಳಿದ ನಾಲ್ಕಕ್ಕೆ ಬೇರೆಯೇ ಕಾರಣಗಳಿದ್ದವೆಂದೂ ವರದಿ ಕೊಟ್ಟಿತು. ಜನ ಶಂಕಿಸುತ್ತಿದ್ದಂತೆ ಕೋವಿಡ್ ಲಸಿಕೆಯಾಗಲಿ, ಹೊಸದಾದ ಬೇರಾವುದೋ ಒಂದು ಕಾರಣವಾಗಲಿ ಅಲ್ಲಿ ಕಾಣಲಿಲ್ಲ. ಕಂಡವು ಮಧುಮೇಹ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಕಾರಣಗಳೇ.

ಜನರ ಆ ಭಯ ಸಹಜವಾದದ್ದು. ಆದರೆ ಇಸಿಜಿ ಸರಿಯಿದೆ ಎಂಬ ಕಾಗದವನ್ನು ಹಿಡಿದು ನಿಶ್ಚಿಂತೆಯಿಂದ ಮನೆಗೆ ಹೋಗಿ, ಮತ್ತೆ ಬೀಡಿ ಹಚ್ಚುವವರನ್ನು ಕಂಡಾಗ ನನಗೆ ನಿಜವಾಗಿಯೂ ಆತಂಕವಾಗುತ್ತದೆ. ಇಸಿಜಿ ಎಂಬುದು ಆ ಕ್ಷಣದಲ್ಲಿ ಹೃದಯದಲ್ಲಿ ಹರಿಯುತ್ತಿರುವ ವಿದ್ಯುತ್ತಿನ ದಾಖಲೆ ಮಾತ್ರ. ಎದೆನೋವು ಬಂದಿರುವಾಗ ಅದಕ್ಕಿಂತ ಬೆಲೆಯುಳ್ಳ ಪರೀಕ್ಷೆ ಬೇರೊಂದಿಲ್ಲ. ಮುಂದಿನ ತಿಂಗಳು ಏನಾಗಬಹುದೆಂಬುದನ್ನು ಮಾತ್ರ ಅದು ಹೇಳಲಾರದು. ರಕ್ತನಾಳ ಗಣನೀಯವಾಗಿ ಕಿರಿದಾಗಿದ್ದರೂ, ವಿಶ್ರಾಂತಿಯಲ್ಲಿ ಮಲಗಿಸಿ ತೆಗೆದ ಇಸಿಜಿ ಪೂರ್ತಿ ಸಹಜವಾಗಿರಬಹುದು.

ಇದು ಅರ್ಥವಾಗಬೇಕಾದರೆ ಹೃದಯಾಘಾತ ಹೇಗೆ ಆಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೊನರಿ ನಾಳಗಳ ಒಳಪೊರೆಯು ಹೊಗೆಸೊಪ್ಪು, ಅಧಿಕ ರಕ್ತದೊತ್ತಡ ಮತ್ತು ಸಕ್ಕರೆಯ ಅಂಶದಿಂದ ವರ್ಷಗಟ್ಟಲೆ ಘಾಸಿಗೊಳ್ಳುತ್ತಾ ಬಂದಂತೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಆ ಪೊರೆಯ ಅಡಿಗೆ ಸೇರಿಕೊಳ್ಳುತ್ತದೆ. ಅದನ್ನು ತೆರವುಗೊಳಿಸಲು ಬಂದ ಬಿಳಿ ರಕ್ತಕಣಗಳು ಕೊಬ್ಬನ್ನು ನುಂಗಿ ಅಲ್ಲೇ ಉಳಿದುಬಿಡುತ್ತವೆ. ಹೀಗೆ ಬೆಳೆಯುವ ಕೊಬ್ಬಿನ ಗಂಟು, ತೆಳು ಚರ್ಮದ ಅಡಿಯಲ್ಲಿ ಕೀವು ತುಂಬಿಕೊಂಡ ಕುರುವಿನ ಹಾಗೆ, ಯಾವಾಗ ಬೇಕಾದರೂ ಒಡೆಯಬಹುದು. ಒಡೆದ ಜಾಗದಲ್ಲಿ ನಿಮಿಷಗಳೊಳಗೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಹೋಗುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ, ಅದರ ಮುಂದಿನ ಸ್ನಾಯು ಮತ್ತೆ ಸರಿಹೋಗದಂತೆ ಸಾಯತೊಡಗುತ್ತದೆ.

ಒಡೆಯುವ ಗಂಟು ದೊಡ್ಡದೇ ಆಗಿರಬೇಕೆಂದಿಲ್ಲ ಎಂಬುದನ್ನು ನನ್ನ ರೋಗಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ನಾಳವನ್ನು ಶೇ 70ಕ್ಕಿಂತ ಹೆಚ್ಚು ಕಿರಿದಾಗಿಸಿದ ಗಂಟು ಮೆಟ್ಟಿಲು ಹತ್ತುವಾಗ ಎದೆ ಹಿಂಡಿ ಮುನ್ಸೂಚನೆ ಕೊಡುತ್ತದೆ, ಟ್ರೆಡ್‌ಮಿಲ್ ಪರೀಕ್ಷೆಯಲ್ಲೂ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಶೇ 30 ಅಥವಾ 40ರಷ್ಟು ಮಾತ್ರ ಅಡ್ಡವಾಗಿರುವ, ತೆಳು ಹೊದಿಕೆಯ, ಒಳಗೆ ಉರಿಯೂತವಿರುವ ಗಂಟು ಯಾವ ತೊಂದರೆಯನ್ನೂ ಕೊಡದೆ, ಇಸಿಜಿ, ಟ್ರೆಡ್‌ಮಿಲ್‌ನಂಥ ಪರೀಕ್ಷೆಗಳಿಗೆ ಸಿಗದೆ ಇದ್ದು ಒಂದು ದಿನ ಒಡೆಯಬಹುದು. ನೆನ್ನೆ ಆಟವಾಡಿದ ಯುವಕ ಇಂದು ಕುಸಿದು ಬೀಳುವುದರ ಹಿಂದೆ ಬಹಳ ಸಲ ಇರುವುದು ಇದೇ. ಹಾಗಾಗಿ ತಡೆಗಟ್ಟುವ ಕೆಲಸವೆಂದರೆ ಅಡ್ಡಿಯನ್ನು ಹುಡುಕುತ್ತಾ ಹೋಗುವುದಲ್ಲ, ಗಂಟು ಕಟ್ಟದಂತೆ ಮತ್ತು ಕಟ್ಟಿದ್ದು ಒಡೆಯದಂತೆ ನೋಡಿಕೊಳ್ಳುವುದು.

ಗಂಟು ಕಟ್ಟಲು ಕಾರಣಗಳೇನು ಎಂಬ ಪ್ರಶ್ನೆಗೆ ಉತ್ತರ ಹೊಸದಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು, ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇ 90ರಷ್ಟು ಪಾಲು ಒಂಬತ್ತು ಅಂಶಗಳದ್ದೇ ಎಂದು ತೋರಿಸಿತು. ರಕ್ತದಲ್ಲಿನ ಕೊಬ್ಬಿನ ಏರುಪೇರು, ಧೂಮಪಾನ, ಮಧುಮೇಹ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು ಮತ್ತು ಮಾನಸಿಕ ಒತ್ತಡ ಅಪಾಯವನ್ನು ಹೆಚ್ಚಿಸಿದರೆ, ಹಣ್ಣು-ತರಕಾರಿ ತಿನ್ನದಿರುವುದು ಮತ್ತು ಮೈ ಬಗ್ಗಿಸದಿರುವುದು ಅದಕ್ಕೆ ಸೇರಿಕೊಳ್ಳುತ್ತವೆ. ಒಂಬತ್ತನೆಯದು ಮದ್ಯ; ಮಿತವಾಗಿ ಕುಡಿಯುವವರಲ್ಲಿ ಅಪಾಯ ಸ್ವಲ್ಪ ಕಡಿಮೆಯೆಂದು ಆ ಅಧ್ಯಯನದಲ್ಲಿ ಕಂಡಿತ್ತು, ಆದರೆ ಹೃದಯಕ್ಕೆ ಒಳ್ಳೆಯದೆಂದು ಕುಡಿಯಲು ಆರಂಭಿಸಿ ಎಂದು ಇಂದು ಯಾವ ವೈದ್ಯರೂ ಹೇಳುವುದಿಲ್ಲ. ಅದೇ ಅಧ್ಯಯನದ ಇನ್ನೊಂದು ಅಂಶ ನಮಗೆ ಹೆಚ್ಚು ಮುಖ್ಯ: ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ವಯಸ್ಸು ಸರಾಸರಿ 53, ಬೇರೆಯವರಿಗೆ 59ರ ಆಸುಪಾಸು.

ಯುವಕರ ವಿಷಯಕ್ಕೆ ಬಂದರೆ ತಂಬಾಕನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಕೊಬ್ಬು ನಿಧಾನವಾಗಿ ಕೆಡುಕು ಮಾಡಿದರೆ ಬೀಡಿ, ಸಿಗರೇಟು ಎರಡು ಕೆಲಸವನ್ನು ಏಕಕಾಲಕ್ಕೆ ಮಾಡುತ್ತವೆ. ಒಳಪೊರೆಯನ್ನು ಕೆಡಿಸುವುದು ಒಂದು; ಜೊತೆಗೇ ರಕ್ತದ ಪ್ಲೇಟ್‌ಲೆಟ್‌ಗಳನ್ನು ಅಂಟಂಟಾಗಿಸಿ ಹೆಪ್ಪುಗಟ್ಟುವುದನ್ನು ಸುಲಭಗೊಳಿಸುವುದು ಇನ್ನೊಂದು. ಮೂವತ್ತರ ಹರೆಯದವರ ನಾಳದಲ್ಲಿ ಕೊಬ್ಬಿನ ಗಂಟು ಹೇಳಿಕೊಳ್ಳುವಷ್ಟಿಲ್ಲದೆ ಬರೀ ದೊಡ್ಡ ಹೆಪ್ಪೊಂದು ಕಂಡರೆ, ಹೊಗೆ ಸೇದುವ ಅಭ್ಯಾಸ ಇದೆಯೇ ಎಂದು ಮೊದಲು ಕೇಳುತ್ತೇನೆ. ಗುಟ್ಕಾ, ಕಡ್ಡಿಪುಡಿ ಸುರಕ್ಷಿತವೆಂದು ತಿಳಿದವರಿದ್ದಾರೆ, ಅದು ಸರಿಯಲ್ಲ. ಸಮಾಧಾನದ ಸಂಗತಿಯೂ ಇದೆ: ಧೂಮಪಾನ ಬಿಟ್ಟ ಒಂದು ವರ್ಷದಲ್ಲಿ, ಅದರಿಂದ ಬಂದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಬೇಗ ಇಷ್ಟು ಲಾಭ ಕೊಡುವ ಮಾತ್ರೆ ನನ್ನ ಬಳಿ ಇಲ್ಲ.

ಅಳೆಯಬೇಕಾದ್ದನ್ನು ಅಳೆಯುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಬೇಕು. ತೂಕಕ್ಕಿಂತ ಸೊಂಟದ ಸುತ್ತಳತೆ ನಮ್ಮವರಲ್ಲಿ ಹೆಚ್ಚು ನಿಜ ಹೇಳುತ್ತದೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮೊದಲು, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮೊದಲು ಹೃದಯಾಘಾತ ಆಗಿದ್ದರೆ ಪರೀಕ್ಷೆಯನ್ನು ಇಪ್ಪತ್ತರಲ್ಲೇ ಆರಂಭಿಸಬೇಕು. ಅಂಥವರು ಲೈಪೊಪ್ರೋಟೀನ್-ಎ ಎಂಬ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಅದು ವಂಶದಿಂದ ಬರುವಂಥದ್ದು, ಸಾಮಾನ್ಯ ಕೊಲೆಸ್ಟ್ರಾಲ್ ಪಟ್ಟಿಯಲ್ಲಿ ಕಾಣುವುದಿಲ್ಲ.

ಊಟದ ಬಗ್ಗೆ ಬಹಳ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ತಟ್ಟೆಯಲ್ಲಿ ಅನ್ನ ಕಡಿಮೆಯಾಗಿ ಸೊಪ್ಪು, ಕಾಳು, ತರಕಾರಿ ಹೆಚ್ಚಾಗಬೇಕು. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿನಿಸುಗಳೂ ಸೇರಿದಂತೆ ದಿನದ ಉಪ್ಪು ಒಂದು ಟೀ ಚಮಚೆಯೊಳಗೆ ಇರಬೇಕು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು.

ನನ್ನನ್ನು ಹೆಚ್ಚು ಕಾಡುವ ವಿಷಯ ಮಾತ್ರೆ ನಿಲ್ಲಿಸುವುದು. "ಬಿ.ಪಿ. ನಾರ್ಮಲ್ ಬಂತು ಸಾರ್, ಅದಕ್ಕೇ ಬಿಟ್ಟೆ" ಎನ್ನುವವರಿಗೆ, ಅದು ಸಹಜಕ್ಕೆ ಬಂದದ್ದು ಮಾತ್ರೆಯಿಂದಲೇ ಎಂದು ತಿಳಿಸಿಹೇಳುವಷ್ಟು ಸಮಯ ನಮ್ಮ ಗಿಜಿಗುಡುವ ಹೊರರೋಗಿ ವಿಭಾಗಗಳಲ್ಲಿ ಸಿಗುವುದಿಲ್ಲ. ಸ್ಟೆಂಟ್, ಅಂದರೆ ಕಿರಿದಾದ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಗಳ ಮೇಲೂ ಅನಗತ್ಯ ಭಯವಿದೆ. ಅವು ಎಲ್‌ಡಿಎಲ್ ಇಳಿಸುವುದಷ್ಟೇ ಅಲ್ಲ, ಗಂಟಿನ ಹೊದಿಕೆಯನ್ನು ಗಟ್ಟಿಗೊಳಿಸಿ ಒಡೆಯುವುದನ್ನು ತಪ್ಪಿಸುತ್ತವೆ. ಬೆಳ್ಳುಳ್ಳಿ, ಶುಂಠಿ, ನಿಂಬೆಯ ರಸ ಕುದಿಸಿ ಕುಡಿದರೆ ಬ್ಲಾಕ್ ಕರಗುತ್ತದೆಂಬ ವಾಟ್ಸ್‌ಆ್ಯಪ್ ಸಂದೇಶವನ್ನು ನಂಬಿ ಅವನ್ನು ಬಿಡುವುದು ಅಪಾಯಕಾರಿ.

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಹೃದಯಾಘಾತ ಆಗಬಹುದು. ಆಗ ನಮ್ಮಲ್ಲಿ ಕಳೆದುಹೋಗುವ ಹೊತ್ತಿಗೆ ದೊಡ್ಡ ಕಾರಣ ಗ್ಯಾಸ್ಟ್ರಿಕ್ ಎಂಬ ನಂಬಿಕೆ. ಎದೆಯ ನಡುವೆ ಭಾರ, ಉರಿ ಅಥವಾ ಹಿಂಡಿದಂತಹ ನೋವು ಹತ್ತು ಹದಿನೈದು ನಿಮಿಷ ಉಳಿದು, ಎಡಗೈಗೋ ದವಡೆಗೋ ಬೆನ್ನಿಗೋ ಹರಡಿ, ತಣ್ಣನೆ ಬೆವರು ಬಂದರೆ, ಸೋಡಾ ಕುಡಿದು, ಓಮದ ಕಷಾಯ ಕುಡಿದು ಕಾಯುತ್ತಾ ಕೂರಬಾರದು. ಮಧುಮೇಹಿಗಳಲ್ಲಿ ನರಗಳು ದುರ್ಬಲವಾಗಿರುವುದರಿಂದ ನೋವೇ ಇಲ್ಲದೆ ಬರೀ ಏದುಸಿರು, ಬೆವರು, ವಿಪರೀತ ಸುಸ್ತು ಕಾಣಿಸಬಹುದು. ಹೆಂಗಸರಲ್ಲೂ ಹೀಗಾಗುವುದುಂಟು, ಮನೆಯವರ ಊಟ ಮುಗಿಯಲಿ ಎಂದು ಅವರು ಗಂಟೆಗಟ್ಟಲೆ ಸಹಿಸಿಕೊಂಡು ಬಂದದ್ದನ್ನು ನೋಡಿದ್ದೇನೆ.

ಇಂಥ ಹೊತ್ತಿನಲ್ಲಿ ಬೈಕು, ಕಾರನ್ನು ತಾವೇ ಓಡಿಸಿಕೊಂಡು ಹೋಗದೆ 108ಕ್ಕೆ ಕರೆ ಮಾಡಬೇಕು. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು. ದೂರದ ನಗರದ ದೊಡ್ಡ ಆಸ್ಪತ್ರೆಗೇ ಹೋಗಬೇಕೆಂದು ಹಟ ಹಿಡಿಯದೆ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂತಹ ಕೇಂದ್ರಗಳ ತಜ್ಞರು ಅಲ್ಲಿಂದಲೇ ನೋಡಿ ಸಲಹೆ ಕೊಡುತ್ತಾರೆ. ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಟ್ಟು, ನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ನೋವು ಶುರುವಾದ ಎರಡು ಮೂರು ಗಂಟೆಯೊಳಗೆ ಕೊಟ್ಟರೆ ಈ ಮದ್ದಿನ ಫಲ ಹೆಚ್ಚು, 12 ಗಂಟೆ ಕಳೆದ ಮೇಲೆ ಅದರಿಂದ ಪ್ರಯೋಜನ ತೀರಾ ಕಡಿಮೆ.