ಮಳೆಗಾಲದಲ್ಲಿ ಶುಗರ್ ಇರುವವರ ಕಾಲು

"ನೋವೇ ಇರಲಿಲ್ಲ ಸಿಸ್ಟರ್, ಅದಕ್ಕೇ ಬರಲಿಲ್ಲ." ಮಳೆ ಹಿಡಿದ ಮೇಲೆ ನಮ್ಮ ಡ್ರೆಸ್ಸಿಂಗ್ ರೂಮಿನಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಸುತ್ತದೆ. ನೋವಿರುವ ಗಾಯಕ್ಕಿಂತ ನೋವಿಲ್ಲದ ಗಾಯ ಕಂಡರೇ ನನಗೆ ಹೆಚ್ಚು ಭಯ.

ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ನರಗಳು ಹಾಳಾಗುತ್ತವೆ. ಉದ್ದದ ನರಗಳಿಗೆ ಮೊದಲು ಪೆಟ್ಟು. ಹಾಗಾಗಿ ಕಾಲ್ಬೆರಳ ತುದಿಯಿಂದಲೇ ಶುರು. ಎಷ್ಟೋ ಜನರಿಗೆ ಮೊದಮೊದಲು ರಾತ್ರಿ ಹೊತ್ತು ಜೋಮು, ಉರಿ. ಆಮೇಲೆ ಅದೂ ನಿಲ್ಲುತ್ತದೆ. ವಾಸಿ ಆಯ್ತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ವಾಸಿ ಆಗಿದ್ದಲ್ಲ, ಸ್ಪರ್ಶವೇ ಹೋಗಿದ್ದು. ಜೊತೆಗೆ ರಕ್ತನಾಳ ಕಿರಿದಾಗಿ ಕಾಲಿಗೆ ರಕ್ತ ಕಡಿಮೆ ಬರುತ್ತಿದ್ದರೆ ಸಣ್ಣ ಗಾಯವೂ ಬೇಗ ಒಣಗುವುದಿಲ್ಲ.

ನಮ್ಮ ಕೊಡಗಿನಲ್ಲಿ ಇದಕ್ಕೆ ಬೆಂಕಿಯೂ ಸೇರಿಕೊಳ್ಳುತ್ತದೆ. ಕಕ್ಕಡ ಅಂದರೆ ನಮ್ಮ ಜೋರು ಮಳೆಯ ತಿಂಗಳು. ಅದರ ಚಳಿ, ಬಿಡದ ಮಳೆ. ತೋಟದಿಂದ ಬಂದವರು ಒಲೆ ಮುಂದೆ ಕಾಲು ಚಾಚಿ ಕೂರುತ್ತಾರೆ. ಹಾಗೆ ಕೂತ ಹಿರಿಯರೊಬ್ಬರನ್ನು ಮಗ ಕರೆದುಕೊಂಡು ಬಂದಿದ್ದರು. ಹೆಬ್ಬೆರಳ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಬೊಬ್ಬೆ ಒಡೆದು, ಚರ್ಮ ಬೆಳ್ಳಗೆ ನೆನೆದು ಜೋತಾಡುತ್ತಿತ್ತು. ಸತ್ತ ಚರ್ಮ ಕತ್ತರಿಸಿ, ಸಲೈನ್‌ನಲ್ಲಿ ತೊಳೆದೆ. ಅವರು ಕಾಲು ಒಂದಿಷ್ಟೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕಿಟಕಿ ಕಡೆ ನೋಡುತ್ತಾ, "ಶುರು ಮಾಡಿದ್ರಾ?" ಎಂದರು. ಅಷ್ಟು ಹೊತ್ತಿಗೆ ಬ್ಯಾಂಡೇಜ್ ಸುತ್ತುತ್ತಿದ್ದೆ.

ಸ್ಪರ್ಶ ಕಡಿಮೆಯಾದವರು ಒಲೆ ಮುಂದೆ ಕಾಲು ಕಾಯಿಸಬೇಡಿ, ಬಿಸಿನೀರಿನ ಬ್ಯಾಗೂ ಬೇಡ. ದಪ್ಪ ಕಾಲುಚೀಲ ಸಾಕು. ಹಂಡೆಯ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಇಲ್ಲವೇ ಮನೆಯವರ ಹತ್ತಿರ ನೋಡಿಸಿ. ಕಾಲನ್ನು ತುಂಬಾ ಹೊತ್ತು ನೀರಿನಲ್ಲಿ ನೆನೆಸುವುದೂ ಒಳ್ಳೆಯದಲ್ಲ.

ಇನ್ನು ಗಂಬೂಟು. ಬರಿಗಾಲಿಗಿಂತ ಖಂಡಿತ ಮೇಲು. ಆದರೆ ಹಾಕುವ ಮೊದಲು ತಲೆಕೆಳಗೆ ಮಾಡಿ ಕೊಡವಿ, ಒಳಗೆ ಕೈ ಹಾಕಿ ತಡವಿ ನೋಡಿ. ಬೆರಳುಗುರಿನಷ್ಟು ಕಡ್ಡಿ ತುಂಡು ಸಾಕು, ಸ್ಪರ್ಶವಿಲ್ಲದ ಪಾದ ಅದನ್ನು ಸಂಜೆವರೆಗೂ ತುಳಿಯುತ್ತಲೇ ಇರುತ್ತದೆ. ಒಳಗೆ ನೀರು ಹೋದರೆ ಮಧ್ಯಾಹ್ನ ಊಟದ ಹೊತ್ತಿಗಾದರೂ ಕಾಲುಚೀಲ ಬದಲಾಯಿಸಿ. ರಾತ್ರಿ ಕಾಲು ತೊಳೆದು, ಹಳೇ ಹತ್ತಿ ಬಟ್ಟೆಯಿಂದ ಬೆರಳ ಸಂದು ಒಂದೊಂದನ್ನೂ ಒತ್ತಿ ಒರೆಸಿ. ಕೆಸರುಹುಣ್ಣು ಹೆಚ್ಚಾಗಿ ಕಿರುಬೆರಳ ಪಕ್ಕದ ಸಂದಿನಲ್ಲೇ ಶುರುವಾಗುವುದು. ಹಿಮ್ಮಡಿ ಒಡೆದಿದ್ದರೆ ಅಲ್ಲಿಗೆ ವ್ಯಾಸಲೀನ್ ಹಚ್ಚಿ, ಸಂದಿಗೆ ಬೇಡ.

ಜಿಗಣೆ ಕಚ್ಚಿದ್ದಂತೂ ಯಾರಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುತ್ತದೆ. ಹಾಗಾಗಿ ಅದು ಬಿಟ್ಟ ಮೇಲೂ ರಕ್ತ ಹರಿಯುತ್ತದೆ, ಆಸ್ಪಿರಿನ್ ತಗೊಳ್ಳುವವರಿಗೆ ಇನ್ನೂ ಜಾಸ್ತಿ ಹೊತ್ತು. ಉಗುರಿನಿಂದ ಮೆಲ್ಲಗೆ ಕೆರೆದು ಬಿಡಿಸಿ, ಸೋಪು ನೀರಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬೀಡಿ ತಾಗಿಸಬೇಡಿ. ಗಾಯಕ್ಕೆ ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅದನ್ನೆಲ್ಲ ಕೀಳದೆ ನಮಗೆ ಗಾಯ ಎಷ್ಟು ಆಳ ಇದೆ ಅಂತ ಕಾಣುವುದೇ ಇಲ್ಲ. ಆಮೇಲೆ ತುರಿಕೆ ಬಂದರೆ ಕೆರೆಯದೆ ತೋರಿಸಿ. ಎಷ್ಟೋ ಹುಣ್ಣು ಹುಟ್ಟುವುದು ಉಗುರಿನಿಂದಲೇ.

ಸ್ಪರ್ಶ ಇದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಶುಗರ್ ಇರುವವರಿಗೆ ಕಣ್ಣು ಮುಚ್ಚಿ ಮಲಗಲು ಹೇಳಿ. ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬಾರದು, ಉಜ್ಜಬಾರದು. ಎಲ್ಲಿ ಮುಟ್ಟಿದ್ದು ಅಂತ ಅವರೇ ಹೇಳಬೇಕು. 6ರಲ್ಲಿ 2 ಅಥವಾ ಹೆಚ್ಚು ತಪ್ಪಿದರೆ ಸ್ಪರ್ಶ ಕಡಿಮೆಯಾಗಿದೆ ಎಂದೇ ಲೆಕ್ಕ. ಆಸ್ಪತ್ರೆಯಲ್ಲಿ ಮಾನೋಫಿಲಮೆಂಟ್ ಎನ್ನುವ ನೈಲಾನ್ ಎಳೆಯಿಂದ ಪರೀಕ್ಷೆ ಮಾಡಿಸಿ. ಎಲ್ಲ ಸರಿ ಇದ್ದರೂ ವರ್ಷಕ್ಕೊಮ್ಮೆ ಕಾಲು ತೋರಿಸಬೇಕು.

ದಿನಾ ರಾತ್ರಿ ಪಾದದ ಅಡಿ ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಿ. ಕಣ್ಣು ಮಂಜಾಗಿದ್ದರೆ ಮಕ್ಕಳೋ ಮೊಮ್ಮಕ್ಕಳೋ ನೋಡಲಿ. ಇದರಲ್ಲಿ ಸಂಕೋಚ ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಲೇಬೇಡಿ, ಅಂಗಡಿಯ ಆಣಿ ಪ್ಲಾಸ್ಟರೂ ಬೇಡ. ಅದರಲ್ಲಿರುವ ಆಸಿಡ್ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಕಕ್ಕಡ ತಿಂಗಳ 18ನೇ ದಿನ ಔಷಧಿ ಅಂತ ಮಾಡುವ ಮದ್ದುಸೊಪ್ಪಿನ ಪಾಯಸ ಕುಡಿದೆವು ಅಂತ ಶುಗರ್ ಮಾತ್ರೆ ಬಿಡಬೇಡಿ. ಸೊಪ್ಪಿನ ಜೊತೆ ಬೆಲ್ಲವೂ ಒಳಗೆ ಹೋಗಿರುತ್ತದೆ ಅಲ್ವಾ?

ಬೊಬ್ಬೆ, ಹುಣ್ಣು, ಕೆಂಪು, ಊತ, ಒಂದು ಕಾಲು ಇನ್ನೊಂದಕ್ಕಿಂತ ಬಿಸಿ, ಇವುಗಳಲ್ಲಿ ಯಾವುದೇ ಕಂಡರೂ ಅವತ್ತೇ ಅಥವಾ ಮರುದಿನವೇ ಬನ್ನಿ, ಸಂತೆ ದಿನಕ್ಕೆ ಕಾಯಬೇಡಿ. ಬೆರಳು ಕಪ್ಪಾದರೆ, ವಾಸನೆ ಬಂದರೆ, ಜ್ವರ ಇದ್ದರೆ ರಾತ್ರಿಯಾದರೂ ಹೊರಡಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ಬರುವಾಗ ಮಾತ್ರೆ ಚೀಟಿಯ ಜೊತೆ ದಿನಾ ಹಾಕುವ ಗಂಬೂಟನ್ನೂ ತನ್ನಿ. ಗಾಯ ಎಲ್ಲಿಂದ ಆಯಿತು ಅಂತ ಅದರೊಳಗೆ ಕೈ ಹಾಕಿ ನೋಡಬೇಕಾಗುತ್ತದೆ.