ಪಾಯಿಂಟ್ ಗಾರ್ಡ್ ಇಲ್ಲದ 24 ಸೆಕೆಂಡು

ಅಮೆರಿಕದ ಮಹಿಳಾ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಡಬ್ಲ್ಯೂಎನ್‌ಬಿಎಯಲ್ಲಿ ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಅದರಲ್ಲೂ ಮೊದಲ 8 ಸೆಕೆಂಡಿನೊಳಗೆ ಚೆಂಡು ಅಂಕಣದ ನಡುಗೆರೆ ದಾಟಿರಬೇಕು. ಚೆಂಡನ್ನು ಮುಂದೆ ಒಯ್ದು ಆಟ ನಡೆಸುವವಳೇ ಪಾಯಿಂಟ್ ಗಾರ್ಡ್. ಒಳ್ಳೆಯ ಪಾಯಿಂಟ್ ಗಾರ್ಡ್ ಇದ್ದರೆ ನಾಲ್ಕೈದು ಸೆಕೆಂಡಿಗೆ ಗೆರೆ ದಾಟಿಯಾಗಿರುತ್ತದೆ. ಓಡುತ್ತಲೇ ಆಕೆ ಬೆರಳಲ್ಲಿ ಸನ್ನೆ ಮಾಡಿ, ಮೊದಲೇ ಕಲಿತ ಯೋಜನೆಗಳಲ್ಲಿ ಈಗ ಯಾವ ಆಟ ಎಂದು ತಿಳಿಸಿರುತ್ತಾಳೆ. ಗಡಿಯಾರದಲ್ಲಿ ಇನ್ನೂ 18 ಸೆಕೆಂಡು ಉಳಿದಿರುವಾಗಲೇ ಮೊದಲ ಚಲನೆ ಶುರುವಾಗುತ್ತದೆ. ಆಕೆ ಗಾಯಗೊಂಡು ಹೊರಗೆ ಕೂತರೆ ಅದೇ ತಂಡ ಗೆರೆ ದಾಟುವಾಗ 17 ಆಗಿರುತ್ತದೆ, ಯಾರು ಎಲ್ಲಿ ನಿಲ್ಲಬೇಕೆಂದು ಇತ್ಯರ್ಥವಾಗುವಷ್ಟರಲ್ಲಿ 13. ಮೊದಲ ಪ್ರಯತ್ನ ಕೆಟ್ಟರೆ ಎರಡನೆಯದಕ್ಕೆ ಹೊತ್ತಿಲ್ಲ. ಆಕೆಯ ಅಂಕಗಳನ್ನು ಬೇರೊಬ್ಬರು ಹೇಗೋ ತುಂಬಿಕೊಡಬಹುದು. ತಂಡ ನಿಜವಾಗಿ ಕಳೆದುಕೊಳ್ಳುವುದು ಈ ಐದು ಸೆಕೆಂಡನ್ನು.

2025ರಲ್ಲಿ ಇಂಡಿಯಾನ ಫೀವರ್ ತಂಡಕ್ಕೆ ಇದು ಹೆಚ್ಚುಕಡಿಮೆ ಇಡೀ ಸೀಸನ್ನಿನ ಪಾಡಾಯಿತು. ಅದರ ಪಾಯಿಂಟ್ ಗಾರ್ಡ್ ಕೇಟ್ಲಿನ್ ಕ್ಲಾರ್ಕ್ 44 ಪಂದ್ಯಗಳಲ್ಲಿ ಆಡಿದ್ದು 13 ಮಾತ್ರ. ಮೊದಲು ಎಡತೊಡೆಯ ಮುಂಭಾಗದ ಸ್ನಾಯು, ಆಮೇಲೆ ಎಡ ತೊಡೆಸಂದು, ಜುಲೈ 15ರಂದು ಬಲ ತೊಡೆಸಂದು. ಅದರ ಚೇತರಿಕೆಯ ನಡುವೆ ಎಡ ಪಾದದ ಕೀಲಿನ ಮೂಳೆಗೂ ಪೆಟ್ಟು. ಸೆಪ್ಟೆಂಬರ್ ಮೊದಲ ವಾರದಲ್ಲಿ, ಈ ಸಲ ಮತ್ತೆ ಆಡುವುದಿಲ್ಲ ಎಂದು ಅವರೇ ಪ್ರಕಟಿಸಿದರು. ಅವರಿದ್ದಾಗ ತಂಡದ ಲೆಕ್ಕ 8 ಗೆಲುವು, 5 ಸೋಲು. ಇಲ್ಲದಾಗ 16 ಗೆಲುವು, 15 ಸೋಲು. ಹಿಂದಿನ ವರ್ಷ ಪಂದ್ಯಕ್ಕೆ ಸರಾಸರಿ 8.4 ಅಸಿಸ್ಟ್ (ನೇರವಾಗಿ ಅಂಕಕ್ಕೆ ದಾರಿಯಾದ ಪಾಸ್) ಕೊಟ್ಟು, ಒಂದೇ ಸೀಸನ್ನಿಗೆ 337ರ ದಾಖಲೆ ಬರೆದ ಆಟಗಾರ್ತಿಯಿಲ್ಲದೆ ಸೋಲಿಗಿಂತ ಗೆಲುವು ಹೆಚ್ಚಿರುವುದು ಸಣ್ಣ ಮಾತಲ್ಲ. ಆಕೆಯಂಥ ಇನ್ನೊಬ್ಬಳನ್ನು ಹುಡುಕಿ ಅವರು ಇದನ್ನು ಸಾಧಿಸಲಿಲ್ಲ. ಅಂಥವಳು ಎಲ್ಲೂ ಇರಲಿಲ್ಲ. ಆಕೆಯ ಕೆಲಸವನ್ನು ಬಿಡಿಸಿ, ತುಂಡು ಮಾಡಿ, ಹಲವರಿಗೆ ಹಂಚಿದರು.

ಹಂಚಬೇಕಾದರೆ ಆ ಕೆಲಸದಲ್ಲಿ ಏನೇನಿದೆ ಎಂದು ಮೊದಲು ಗೊತ್ತಿರಬೇಕು. ಚೆಂಡನ್ನು ಸುರಕ್ಷಿತವಾಗಿ ಮುಂದೆ ಒಯ್ಯುವುದು, ಆಟ ಕರೆಯುವುದು, ಮೊದಲ ಬಿರುಕು ತೆರೆಯುವುದು, ಬಿರುಕು ಕಂಡ ಕೂಡಲೇ ಪಾಸ್ ಕೊಡುವುದು, ಗಡಿಯಾರ ಐದಕ್ಕಿಳಿದಾಗ ಏನಾದರೊಂದು ಹುಟ್ಟಿಸುವುದು. ಇದರ ಜೊತೆಗೆ, ಅಂಕಿಅಂಶಗಳಲ್ಲಿ ಎಲ್ಲೂ ಕಾಣದ ಆರನೆಯದೊಂದಿದೆ: ಎದುರಾಳಿಯನ್ನು ಬುಟ್ಟಿಯಿಂದ ದೂರ ಎಳೆಯುವುದು. ಲೀಗ್‌ನಲ್ಲಿ ಆಚೆಯಿಂದ ಎಸೆದರೆ ಮೂರು ಅಂಕ ಸಿಗುವ ಗೆರೆ ಬುಟ್ಟಿಯಿಂದ 22 ಅಡಿ ಚಿಲ್ಲರೆ ದೂರದಲ್ಲಿದೆ. 30 ಅಡಿಯಿಂದಲೂ ಗುರಿ ಮುಟ್ಟಿಸುವ ಗಾರ್ಡ್ ಇದ್ದರೆ ಎದುರಾಳಿ ಅಲ್ಲಿಂದಲೇ ಕಾವಲು ಶುರುಮಾಡಬೇಕಾಗುತ್ತದೆ. ಅಂಕಣದ ಅಗಲ 50 ಅಡಿ. 8 ಅಡಿ ಹೆಚ್ಚುವರಿ ಆಳ ಎಂದರೆ ಸುಮಾರು 400 ಚದರ ಅಡಿ ಜಾಗವನ್ನು ಅದೇ ಐವರು ಕಾಯಬೇಕು. ಆಕೆ ಹೋದ ದಿನ ಆ 400 ಚದರ ಅಡಿಯೂ ಹೋಗುತ್ತದೆ. ಸಹ ಆಟಗಾರ್ತಿ ಸ್ಕ್ರೀನ್ ನಿಂತು ದಾರಿ ಅಡ್ಡಗಟ್ಟಿದರೆ, ಕಾವಲುಗಾರ್ತಿ ಅದರ ಹೊರಬದಿಯಿಂದ ತೂರಿ ಬರುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಸಲೀಸಾಗಿ ಬುಟ್ಟಿಯ ಬದಿಯಿಂದ ಸುತ್ತಿ ಬಂದು ಬುಟ್ಟಿಯ ದಾರಿ ಮುಚ್ಚುತ್ತಾಳೆ. ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಪಿಕ್ ಅಂಡ್ ರೋಲ್ ಎಂಬ ಈ ಇಬ್ಬರ ಜೋಡಿ ಆಟ ಇವತ್ತು ಮಾಡದೇ ಇರುವುದಕ್ಕೆ ಕಾರಣ ಇದೇ. ಬದಲಿ ಆಟಗಾರ್ತಿಯನ್ನು ದೂರುವ ಮೊದಲು ಕಾವಲುಗಾರ್ತಿಯ ಕಾಲು ಎಲ್ಲಿದೆ ಎಂದು ನೋಡಬೇಕು.

ಚೆಂಡು ಯಾರಿಂದ ಯಾರಿಗೆ ಹೋಗುತ್ತದೆ ಎಂಬುದನ್ನು ಜಾಲವಾಗಿ ಬಿಡಿಸಿ ಓದುವ ಕ್ರಮ ವಿಜ್ಞಾನಿಗಳಲ್ಲಿ ಇದೆ. ಜೀವವಿಜ್ಞಾನಿ ಜೆನಿಫರ್ ಫ್ಯುವೆಲ್ ಮತ್ತು ಸಂಗಡಿಗರು ಪುರುಷರ ಲೀಗ್ ಆದ ಎನ್‌ಬಿಎಯ 2010ರ ಪ್ಲೇಆಫ್ (ಪ್ರಶಸ್ತಿ ಸುತ್ತುಗಳು) ಆಡಿದ 16 ತಂಡಗಳ ಪಾಸ್‌ಗಳನ್ನು ಹೀಗೆ ವಿಶ್ಲೇಷಿಸಿ 2012ರಲ್ಲಿ ಪ್ರಕಟಿಸಿದರು. ಹೆಚ್ಚಿನ ತಂಡಗಳ ಜಾಲದ ನಡುಗಂಟು ಪಾಯಿಂಟ್ ಗಾರ್ಡ್. ಆ ವರ್ಷ ಗೆದ್ದ ಲೇಕರ್ಸ್‌ನಲ್ಲಿ ಮಾತ್ರ ಚೆಂಡು ಹೆಚ್ಚು ಸಮನಾಗಿ ಹರಿಯುತ್ತಿತ್ತು. ಅದೇ ಹೊತ್ತಿಗೆ ಭೌತವಿಜ್ಞಾನಿ ಬ್ರಯಾನ್ ಸ್ಕಿನ್ನರ್ ಇನ್ನೊಂದು ಕಡೆಯಿಂದ ಬಂದರು. ಎಲ್ಲರೂ ಒಂದೇ ಒಳ್ಳೆಯ ರಸ್ತೆಗೆ ನುಗ್ಗಿದರೆ ಆ ರಸ್ತೆಯೇ ನಿಧಾನವಾಗುತ್ತದೆ; ಕೆಲವೊಮ್ಮೆ ಅದನ್ನು ಮುಚ್ಚಿದಾಗ ಊರಿನ ಸಂಚಾರ ಸುಧಾರಿಸುವುದೂ ಉಂಟು. ಪ್ರತಿ ಸಲವೂ ತಾರೆಯ ಕೈಗೇ ಚೆಂಡು ಕೊಡುವ ತಂಡಕ್ಕೂ ಇದೇ ಲೆಕ್ಕ ಹೊಂದುತ್ತದೆ ಎಂದು ಅವರು ಗಣಿತದಲ್ಲಿ ತೋರಿಸಿದರು. ಇದರಿಂದ ತಾರೆ ಬೇಡ ಎಂದಾಗುವುದಿಲ್ಲ. ನಡುಗಂಟು ಹರಿದಾಗ ಅದೇ ಜಾಗಕ್ಕೆ ದುರ್ಬಲ ಗಂಟೊಂದನ್ನು ಹಾಕುವುದಕ್ಕಿಂತ ಜಾಲದ ಆಕಾರವನ್ನೇ ಬದಲಿಸುವುದು ಮೇಲು.

ಆಕಾರ ಬದಲಿಸುವ ಸಾಮಾನ್ಯ ದಾರಿ ಎಂದರೆ ಚೆಂಡಿನ ಕೇಂದ್ರವನ್ನು ಗಾರ್ಡ್‌ನಿಂದ ಎತ್ತರದ ಆಟಗಾರ್ತಿಗೆ, ಅಂದರೆ ಸೆಂಟರ್‌ಗೆ, ವರ್ಗಾಯಿಸುವುದು. ಫೀವರ್‌ನಲ್ಲಿ ಇದಕ್ಕೆ ತಕ್ಕವರು 6 ಅಡಿ 5 ಇಂಚಿನ ಅಲಿಯಾ ಬಾಸ್ಟನ್. ಬುಟ್ಟಿಯ ಎದುರಿನ ಫ್ರೀ ಥ್ರೋ ಗೆರೆಯ ಎರಡು ತುದಿಗಳಿಗೆ ಆಟದ ಮಾತಲ್ಲಿ ಎಲ್ಬೋ ಎನ್ನುತ್ತಾರೆ. ಸೆಂಟರ್ ಅಲ್ಲಿ ಚೆಂಡು ಹಿಡಿದು, ಎದೆಮಟ್ಟಕ್ಕೆ ತಂದು, ಮೊಣಕೈ ಅಗಲಿಸಿ ನಿಲ್ಲುತ್ತಾಳೆ. ಪಾಸ್ ಕೊಟ್ಟ ಗಾರ್ಡ್ ಆಕೆಯ ಕಡೆಗೇ ಓಡುತ್ತಾಳೆ. ಇಲ್ಲಿಂದ ಮುಂದೆ ಮೂರೇ ದಾರಿ, ಮೂರನ್ನೂ ತೀರ್ಮಾನಿಸುವುದು ಎದುರಾಳಿ. ಕಾವಲುಗಾರ್ತಿ ಹಿಂದೆ ಬಿದ್ದಿದ್ದರೆ ಗಾರ್ಡ್ ಚೆಂಡನ್ನು ಕೈಯಿಂದ ಕೈಗೆ ಪಡೆದು ಬುಟ್ಟಿಯತ್ತ ನುಗ್ಗುತ್ತಾಳೆ. ಕಾವಲುಗಾರ್ತಿ ಮೊದಲೇ ಊಹಿಸಿ ದಾರಿಗೆ ಅಡ್ಡ ಬಂದಿದ್ದರೆ ಗಾರ್ಡ್ ಒಂದು ಹೆಜ್ಜೆ ಮುಂದಿಟ್ಟು ತಟ್ಟನೆ ದಿಕ್ಕು ಬದಲಿಸಿ ಆಕೆಯ ಬೆನ್ನ ಹಿಂದಿನಿಂದ ಒಳಗೆ ಓಡುತ್ತಾಳೆ, ಸೆಂಟರ್ ನೆಲಕ್ಕೆ ಪುಟಿಸಿ ಪಾಸ್ ಕೊಡುತ್ತಾಳೆ. ಸೆಂಟರ್‌ನ ಸ್ವಂತ ಕಾವಲುಗಾರ್ತಿ ನೆರವಿಗೆಂದು ಪಕ್ಕಕ್ಕೆ ವಾಲಿದ್ದರೆ ಸೆಂಟರ್ ಚೆಂಡು ಬಿಡುವುದೇ ಇಲ್ಲ. ತಿರುಗಿ, ಚೆಂಡನ್ನು ಒಮ್ಮೆ ಪುಟಿಸಿ, ಒಂದೇ ಡ್ರಿಬಲ್‌ನಲ್ಲಿ ಬುಟ್ಟಿ ಮುಟ್ಟುತ್ತಾಳೆ. ಬಿರುಕು ತೆರೆಯಲು ಇಲ್ಲಿ ಅಸಾಮಾನ್ಯ ಡ್ರಿಬಲ್ ಬೇಡ. ಹಾಗಾಗಿಯೇ ಸಾಧಾರಣ ಗಾರ್ಡ್‌ಗೂ ಇದು ಒಗ್ಗುತ್ತದೆ.

ಕೆಡುವುದು ಮೂರು ಕಡೆ. ಸೆಂಟರ್ ಚೆಂಡನ್ನು ಭದ್ರವಾಗಿ ಹಿಡಿಯುವ ಮೊದಲೇ ಗಾರ್ಡ್ ಓಟ ಶುರುಮಾಡಿದರೆ ಇಬ್ಬರು ಕಾವಲುಗಾರ್ತಿಯರೂ ಒಂದೇ ಜಾಗಕ್ಕೆ ಸೇರಿ ಚೆಂಡು ಕಸಿಯುತ್ತಾರೆ. ಕೈಬದಲಿನ ಹೊತ್ತಲ್ಲಿ ಸೆಂಟರ್ ಸೊಂಟ ಅಡ್ಡ ಚಾಚಿದರೆ ಚಲಿಸುವ ಸ್ಕ್ರೀನ್ ಎಂದು ಫೌಲ್. ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ಎಲ್ಬೋಗೆ ಬರುವ ಮೊದಲ ಪಾಸ್. ಎದುರಾಳಿ ಕೈ ಅಡ್ಡ ಹಿಡಿದಿರುವಾಗ ನೇರ ಎಸೆದರೆ ಚೆಂಡು ಹೋಯಿತೆಂದೇ ಲೆಕ್ಕ. ಸೆಂಟರ್ ಬೆನ್ನಲ್ಲಿ ಎದುರಾಳಿಯನ್ನು ತಡೆದು, ದೂರದ ಕೈಯನ್ನು ಗುರಿಯಾಗಿ ತೋರಿಸಬೇಕು. ಪಾಸ್ ಆ ಕೈಗೇ ಬೀಳಬೇಕು.

ಅದಕ್ಕೂ ಮುಂಚೆ ಚೆಂಡು ನಡುಗೆರೆ ದಾಟಬೇಕಲ್ಲ. ಮುಖ್ಯ ಗಾರ್ಡ್ ಇಲ್ಲವೆಂದು ಗೊತ್ತಾದರೆ ಎದುರಾಳಿ ಪೂರ್ತಿ ಅಂಕಣದಲ್ಲಿ ಬೆನ್ನುಹತ್ತುತ್ತದೆ. ಚೆಂಡು ಹಿಡಿದವಳನ್ನು ಪಕ್ಕದ ಗೆರೆಯ ಕಡೆಗೆ ತಳ್ಳಿ, ನಡುಗೆರೆ ದಾಟಿದ ಕೂಡಲೇ ಆ ಮೂಲೆಯಲ್ಲಿ ಇಬ್ಬರು ಮುತ್ತುತ್ತಾರೆ. ಒಂದು ಕಡೆ ಪಕ್ಕದ ಗೆರೆ, ಹಿಂದೆ ನಡುಗೆರೆ. ಚೆಂಡನ್ನು ಹಿಂದಕ್ಕೆ ಕೊಟ್ಟರೆ ನಿಯಮಭಂಗ, ಡ್ರಿಬಲ್ ನಿಲ್ಲಿಸಿದರೆ ಬಂದಿ. ಇದಕ್ಕೆ ಮದ್ದು ಡ್ರಿಬಲ್ ಕಡಿಮೆ ಮಾಡುವುದೇ. ಚೆಂಡು ಒಳಗೆ ಎಸೆದವಳು ಮುಂದೆ ಓಡಿಹೋಗದೆ ಹಿಂದೆಯೇ ಉಳಿದು, ಚೆಂಡು ಇನ್ನೂ ಹಿಂಬದಿಯ ಅರ್ಧದಲ್ಲಿರುವಾಗ ಆಸರೆಯಾಗಬೇಕು. ಎತ್ತರದವಳೊಬ್ಬಳು ನಡುಗೆರೆಯ ಮಧ್ಯಕ್ಕೆ ಬಂದು ಕೈ ಎತ್ತಬೇಕು. ಅಲ್ಲಿಗೆ ಒಂದು ಪಾಸ್, ಅಲ್ಲಿಂದ ಎದುರು ಬದಿಗೆ ಇನ್ನೊಂದು. ಎರಡೇ ಪಾಸ್‌ನಲ್ಲಿ ಐದು ಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ.

ಆಟಗಳ ಪಟ್ಟಿಯನ್ನೂ ಕತ್ತರಿಸಬೇಕು, ಇದನ್ನು ಎಷ್ಟೋ ಕೋಚ್‌ಗಳು ತಡವಾಗಿ ಮಾಡುತ್ತಾರೆ. ಮನುಷ್ಯನ ಕೆಲಸದ ನೆನಪು ಒಂದು ಹೊತ್ತಿಗೆ ಸುಮಾರು ನಾಲ್ಕು ಘಟಕಗಳನ್ನಷ್ಟೇ ಹಿಡಿದಿಡುತ್ತದೆ ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ವರ್ಷಗಟ್ಟಲೆ ಆಡಿದ ಗಾರ್ಡ್‌ಗೆ ಹತ್ತು ಜನರ ಇಡೀ ವಿನ್ಯಾಸವೇ ಒಂದು ಘಟಕ. ಹೊಸಬಳಿಗೆ ಅದು ಹತ್ತು ಬೇರೆ ಬೇರೆ ಸಂಗತಿ. ಅದರ ಮೇಲೆ ಗಡಿಯಾರ, ಕೋಚ್‌ನ ಕೂಗು. ಆಗ ಕಣ್ಣು ಚೆಂಡಿನ ಮೇಲೆ ನೆಟ್ಟು ಅಂಕಣ ಕಾಣದಾಗುತ್ತದೆ. ಒಂದೇ ನಿಲುವಿನಿಂದ ಶುರುವಾಗಿ ಕೊನೆಗೆ ಕವಲೊಡೆಯುವ ಕೆಲವೇ ಆಟಗಳನ್ನು ಉಳಿಸಿಕೊಂಡರೆ ನೆನಪಿನ ಹೊರೆ ಇಳಿಯುತ್ತದೆ. ಹೊಸದನ್ನು ಕಲಿಸಲು ಪುರುಸೊತ್ತೂ ಇಲ್ಲ: 2025ರ ಸೀಸನ್ ಮೇ 16ರಿಂದ ಸೆಪ್ಟೆಂಬರ್ 11ರವರೆಗೆ, 44 ಪಂದ್ಯ. ಮೂರು ದಿನಕ್ಕೊಂದಕ್ಕಿಂತ ಹೆಚ್ಚು, ನಡುವೆ ಪ್ರಯಾಣ. ಎಷ್ಟೋ ದಿನ ಅಭ್ಯಾಸವೆಂದರೆ ನಡೆದುಕೊಂಡೇ ಜಾಗ ತೋರಿಸುವುದು. ಅನೇಕ ತಂಡಗಳು ಅಭ್ಯಾಸಕ್ಕೆ ಎದುರಾಳಿಯಾಗಿ ಪುರುಷ ಆಟಗಾರರನ್ನು ಕರೆಸುತ್ತವೆ. ಉಳಿದ ಆಟಗಾರ್ತಿಯರ ಕಾಲು ಉಳಿಯಲು ಇದೂ ಒಂದು ದಾರಿ.

ಕಾಲು ಉಳಿಸುವ ಮಾತು ಹಗುರದ್ದಲ್ಲ. ಹಂಚಿದ ಕೆಲಸದ ದೊಡ್ಡ ಪಾಲು ಸಾಮಾನ್ಯವಾಗಿ ಎರಡನೇ ಗಾರ್ಡ್ ಮೇಲೆ ಬೀಳುತ್ತದೆ. ಒಬ್ಬ ಆಟಗಾರ್ತಿ ಹೆಚ್ಚು ಹೆಚ್ಚು ಚೆಂಡು ಬಳಸಿದಂತೆ ಪ್ರತಿ ಪ್ರಯತ್ನದ ಫಲ ಇಳಿಯುತ್ತದೆ ಎಂಬುದನ್ನು ಬಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಬಹಳ ಹಿಂದೆಯೇ ವಿವರಿಸಿದ್ದರು. ಫೀವರ್‌ನ ಎರಡನೇ ಗಾರ್ಡ್ ಕೆಲ್ಸಿ ಮಿಚೆಲ್ ಆ ಇಳಿತವನ್ನು ಅಚ್ಚರಿಯಾಗುವಷ್ಟು ತಡೆದರು. 44 ಪಂದ್ಯವೂ ಆಡಿ ಸರಾಸರಿ 20ರ ಮೇಲೆ ಅಂಕ ಗಳಿಸಿದರು. ಆದರೆ ಲಾಸ್ ವೇಗಸ್ ಏಸಸ್ ವಿರುದ್ಧ ಸೆಮಿಫೈನಲ್‌ನ ಐದನೇ ಪಂದ್ಯದಲ್ಲಿ ಕಾಲಿನ ಸ್ನಾಯು ಸೆಟೆದುಕೊಂಡು ಅರ್ಧದಲ್ಲೇ ಹೊರಬಂದರು. ರ‍್ಯಾಬ್ಡೊಮಯೋಲಿಸಿಸ್ ಎಂದು ಆಮೇಲೆ ತಿಳಿಸಿದರು. ಇದರಲ್ಲಿ ಸ್ನಾಯುವಿನ ಎಳೆಗಳು ಒಡೆದು ಅವುಗಳೊಳಗಿನ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಕ್ಕೆ ಅಪಾಯ. ಫೀವರ್ ಆ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ 107–98ರಿಂದ ಸೋತಿತು.

ಗಾರ್ಡ್ ಇಲ್ಲದ ತಂಡ ಗೆದ್ದ ದೊಡ್ಡ ಪಂದ್ಯಗಳ ಸ್ಕೋರ್ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಅವು ಕಡಿಮೆ ಅಂಕದ ಪಂದ್ಯಗಳು. 2025ರ ಜುಲೈ 1ರಂದು ಮಿನ್ನೆಸೋಟದಲ್ಲಿ ಫೀವರ್ ಕ್ಲಾರ್ಕ್ ಇಲ್ಲದೆ ಸೀಸನ್ ನಡುವಿನ ಟೂರ್ನಿಯಾದ ಕಮಿಷನರ್ಸ್ ಕಪ್ ಗೆದ್ದಾಗ 74–59. 2023ರ ಫೈನಲ್‌ನ ನಾಲ್ಕನೇ ಪಂದ್ಯಕ್ಕೆ ಏಸಸ್ ಪಾದದ ಗಾಯವಾದ ಪಾಯಿಂಟ್ ಗಾರ್ಡ್ ಚೆಲ್ಸಿ ಗ್ರೇ ಇಲ್ಲದೆ ನ್ಯೂಯಾರ್ಕ್‌ನಲ್ಲಿ ಇಳಿಯಿತು. ಆ ಸೀಸನ್ನಿನಲ್ಲಿ ಸರಾಸರಿ 90ಕ್ಕೂ ಹೆಚ್ಚು ಗಳಿಸುತ್ತಿದ್ದ ತಂಡ ಅಂದು 70–69ರಿಂದ ಗೆದ್ದು ಪ್ರಶಸ್ತಿ ಉಳಿಸಿಕೊಂಡಿತು. ತಂಡದ ಅಜಾ ವಿಲ್ಸನ್ 24 ಅಂಕ, 16 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು ಹಿಡಿದದ್ದು). ಆಕ್ರಮಣ ಕುಂಟುವಾಗ ಮೊದಲು ತಡೆಯಬೇಕಾದ್ದು ಕೈಜಾರಿದ ಚೆಂಡಿನಿಂದ ಎದುರಾಳಿಗೆ ಸಿಗುವ ಸುಲಭದ ಓಟ. ಚೆಂಡು ಗೆರೆಯಾಚೆ ಹೋದರೆ ಐವರೂ ಹಿಂದಿರುಗಿ ನಿಲ್ಲಲು ಸಮಯವಿದೆ. ನಡುವೆ ಕಸಿದುಕೊಂಡರೆ ಇಲ್ಲ. ಆದ್ದರಿಂದ ಅಪಾಯದ ಅಡ್ಡ ಪಾಸ್‌ಗಳನ್ನು ಬಿಡುತ್ತಾರೆ, ರೀಬೌಂಡ್‌ಗೆ ಮೂವರ ಬದಲು ಇಬ್ಬರನ್ನೇ ಕಳಿಸುತ್ತಾರೆ. ಇಲ್ಲಿ ಸಣ್ಣದೊಂದು ಲಾಭವೂ ಇದೆ: 337 ಅಸಿಸ್ಟ್‌ನ ಆ ವರ್ಷವೇ ಕ್ಲಾರ್ಕ್ 223 ಸಲ ಚೆಂಡು ಕಳೆದುಕೊಂಡಿದ್ದರು, ಅದೂ ದಾಖಲೆ. ದಿಟ್ಟ ಪಾಸ್‌ನ ಎರಡು ಮುಖ ಅವು.

2025ರಲ್ಲಿ ಹೊಸಬರನ್ನು ತರುವುದಕ್ಕೆ ನಿಯಮ ಬಿಗಿಯಿತ್ತು. ತಂಡದಲ್ಲಿ 12 ಜಾಗ, ಸಂಬಳಕ್ಕೆ ಮೀರಲಾಗದ ಮಿತಿ. ಅದು ಸುಮಾರು 15 ಲಕ್ಷ ಡಾಲರ್ ಆಗಿತ್ತು. ಆಡಬಲ್ಲವರು ಹತ್ತಕ್ಕಿಂತ ಕಡಿಮೆಯಾದರೆ ಮಾತ್ರ ಹಾರ್ಡ್‌ಶಿಪ್ ಒಪ್ಪಂದದಲ್ಲಿ ತಾತ್ಕಾಲಿಕವಾಗಿ ಒಬ್ಬರನ್ನು ಸೇರಿಸಬಹುದಿತ್ತು, ಗಾಯಾಳು ಮರಳಿದರೆ ಬಿಡಬೇಕಿತ್ತು. ಗಾರ್ಡ್ ಆರಿ ಮೆಕ್‌ಡೊನಾಲ್ಡ್ ಹೀಗೆಯೇ ಫೀವರ್‌ಗೆ ಬಂದು, ಹೋಗಿ, ಮತ್ತೆ ಬಂದವರು. ಆಗಸ್ಟ್ 7ರಂದು ಫೀನಿಕ್ಸ್‌ನಲ್ಲಿ ಒಂದೇ ಪಂದ್ಯದಲ್ಲಿ ಅವರ ಪಾದದ ಮೂಳೆ ಮುರಿಯಿತು, ಇನ್ನೊಬ್ಬ ಗಾರ್ಡ್ ಸಿಡ್ನಿ ಕಾಲ್ಸನ್‌ರ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಕೆಲವೇ ದಿನಗಳಲ್ಲಿ ಒಡಿಸ್ಸಿ ಸಿಮ್ಸ್ ಬಂದರು. 2014ರಿಂದ ಲೀಗ್ ಕಂಡ ಅವರಿಗೆ ಆಟದ ಹೆಸರುಗಳಷ್ಟೇ ಹೊಸವು, ಆಟವಲ್ಲ. ಅವಸರದಲ್ಲಿ ಬದಲಿಯಾಗಿ ಬರಲು ಯುವಪ್ರತಿಭೆಗಿಂತ ಹಳಬರೇ ಒದಗುತ್ತಾರೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದೇ ವರ್ಷ ಶಿಕಾಗೊ ಸ್ಕೈ ಜೂನ್ 7ರಂದು ತನ್ನ ಪಾಯಿಂಟ್ ಗಾರ್ಡ್ ಕೋರ್ಟ್ನಿ ವ್ಯಾಂಡರ್‌ಸ್ಲೂಟ್‌ರನ್ನು ಎಸಿಎಲ್ ಗಾಯಕ್ಕೆ ಕಳೆದುಕೊಂಡು, 10 ಗೆಲುವು, 34 ಸೋಲಿನಲ್ಲಿ ಸೀಸನ್ ಮುಗಿಸಿತು. ಅಲ್ಲಿ ಬೇರೆ ಕೊರತೆಗಳೂ ಇದ್ದವು. ಆದರೂ ಮಿಚೆಲ್‌ರಂತೆ ಅಂಕ ಹೊತ್ತು ತರುವವರು ಜೊತೆಗಿಲ್ಲದಾಗ ಗಾರ್ಡ್ ಇಲ್ಲದ ನೋವು ಎಷ್ಟು ಆಳಕ್ಕಿಳಿಯುತ್ತದೆ ಎಂದು ಅಲ್ಲಿ ಕಂಡಿತು.

ಗಾಯಾಳುವನ್ನು ಬೇಗ ಕರೆತರುವ ಆಸೆ ಎಲ್ಲರಿಗೂ ಇರುತ್ತದೆ, ತೊಡೆಸಂದಿನ ಗಾಯದಲ್ಲಿ ಆ ಆಸೆ ಅಪಾಯಕಾರಿ. ಗಾರ್ಡ್ ಓಟದಿಂದ ತಟ್ಟನೆ ನಿಂತು ದಿಕ್ಕು ಬದಲಿಸುವಾಗ ತೊಡೆಯ ಒಳಬದಿಯ ಅಡಕ್ಟರ್ ಸ್ನಾಯು ಒಂದೇ ಹೊತ್ತಿಗೆ ಹಿಗ್ಗುತ್ತಲೂ ಇರುತ್ತದೆ, ಬಿಗಿಯುತ್ತಲೂ ಇರುತ್ತದೆ. ಹರಿಯುವುದು ಆಗಲೇ. ನೋವು ಮಾಯುವುದು ಮೊದಲು, ಬಲ ಮರಳುವುದು ಆಮೇಲೆ. ವೃತ್ತಿಪರ ಐಸ್ ಹಾಕಿ ಆಟಗಾರರ ಮೇಲೆ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಳತೊಡೆಯ ಬಲ ಹೊರಬದಿಯ ಸ್ನಾಯುಗಳ ಬಲದ ಶೇ 80ಕ್ಕಿಂತ ಕಡಿಮೆಯಿದ್ದವರಿಗೆ ಗಾಯದ ಸಂಭವ 17 ಪಟ್ಟು ಕಂಡಿತ್ತು. ಅದಕ್ಕೇ ಫಿಸಿಯೊಗಳು ನೋವಿದೆಯೇ ಎಂದು ಕೇಳಿ ಸುಮ್ಮನಾಗುವುದಿಲ್ಲ. ಮೊಣಕಾಲುಗಳ ನಡುವೆ ಮಾಪಕವಿಟ್ಟು ಒತ್ತಿಸಿ ಅಳೆಯುತ್ತಾರೆ. ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು ಪಕ್ಕಕ್ಕೆ ಮಲಗಿ ಮೈಯನ್ನು ಎತ್ತುವ ಕೋಪನ್‌ಹೇಗನ್ ವ್ಯಾಯಾಮ, ನೇರ ಓಟ, ದಿಕ್ಕು ಬದಲಿಸುವ ಓಟ, ಒಬ್ಬರಿಗೊಬ್ಬರು, ಕೊನೆಗೆ ಐವರಿಗೈವರು: ಪ್ರತಿ ಮೆಟ್ಟಿಲ ಮರುದಿನ ಬಲ ಇಳಿದಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ. ಮರಳಿದ ಮೇಲೂ ಮೊದಲ ಪಂದ್ಯಗಳಲ್ಲಿ ನಾಲ್ಕೈದು ನಿಮಿಷದ ಕಂತುಗಳಲ್ಲಿ ಆಡಿಸಿ, ಚೆಂಡು ಮುಂದೆ ಒಯ್ಯುವ ಕೆಲಸವನ್ನು ಬದಲಿ ಗಾರ್ಡ್‌ಗೇ ಬಿಡುವುದು ಒಳ್ಳೆಯದು. ದಣಿವು ಹೆಚ್ಚು ತರುವ ಕೆಲಸ ಅದೇ. ಆಟ ಕರೆಯಲು, ಪಾಸ್ ಕೊಡಲು ಅಷ್ಟು ಕಾಲು ಬೇಕಾಗುವುದಿಲ್ಲ.