ರೂಟರ್ ಬದಲಾದ ಮೇಲೆ ಬ್ಯಾಕಪ್ ಯಾಕೆ ನಿಲ್ಲುತ್ತದೆ?

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ತೀರ್ಥಹಳ್ಳಿ, ಹೊಸನಗರ ಕಡೆಯ ಕಚೇರಿಗಳಲ್ಲಿ ಸುಲಭವಾಗಿ ಬಲಿಯಾಗುವುದು ರೂಟರ್. ಮರುದಿನ ಹೊಸದು ಬರುತ್ತದೆ, ಇಂಟರ್‌ನೆಟ್ ಸಿಗುತ್ತದೆ. ಬಿಲ್ಲಿಂಗ್ ಕಂಪ್ಯೂಟರ್‌ಗಳು ಸರ್ವರನ್ನು ಹೆಸರಿನಿಂದಲೇ ಹುಡುಕುವುದರಿಂದ ಅವೂ ನಡೆಯುತ್ತವೆ. ಆದರೆ ಹಳೆಯ ರೂಟರ್ 192.168.1 ಸಾಲಿನ ಐಪಿ (ಯಂತ್ರದ ಅಂಕಿ ವಿಳಾಸ) ಹಂಚುತ್ತಿತ್ತು, ಹೊಸದು 192.168.0 ಸಾಲಿನದನ್ನು ಹಂಚುತ್ತದೆ. ಬ್ಯಾಕಪ್ ತಂತ್ರಾಂಶದಲ್ಲಿ ಯಾರೋ 192.168.1.10 ಎಂದು ಬರೆದಿಟ್ಟಿದ್ದರೆ ಅಂದು ರಾತ್ರಿಯಿಂದಲೇ ಬ್ಯಾಕಪ್ ಇಲ್ಲ. ಅದು ಗೊತ್ತಾಗುವುದು ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿ ಬಂದು ಹಾರ್ಡ್‌ಡಿಸ್ಕ್ ಕೈಕೊಟ್ಟ ದಿನ.

ತಕ್ಷಣದ ಪರಿಹಾರ ಸುಲಭ. ಹೊಸ ರೂಟರಿನ ಲ್ಯಾನ್ (ಕಚೇರಿಯ ಒಳ ನೆಟ್‌ವರ್ಕ್) ಸೆಟ್ಟಿಂಗ್‌ನಲ್ಲಿ ಹಳೆಯ ಐಪಿ ಸಾಲನ್ನೇ ಕೊಡಿ, ಸರ್ವರಿನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಗೆ) ಹಳೆಯ ಐಪಿಯನ್ನೇ ಕಾಯ್ದಿರಿಸಿ. ಆಮೇಲೆ ಬ್ಯಾಕಪ್ ಜಾಬ್‌ಗಳಲ್ಲಿ ಎಲ್ಲೆಲ್ಲಿ ಐಪಿ ಇದೆಯೋ ಅಲ್ಲೆಲ್ಲ ಹೋಸ್ಟ್‌ನೇಮ್, ಅಂದರೆ ಯಂತ್ರದ ಹೆಸರು ಹಾಕಿ. ಮುಂದೆ ಐಪಿ ಬದಲಾದರೂ ಜಾಬ್‌ಗಳನ್ನು ಮುಟ್ಟಬೇಕಾಗಿಲ್ಲ.

ಹೆಸರಿಡುವುದರಲ್ಲೂ ನಿಯಮವಿದೆ. ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್ ಇಷ್ಟೇ. ಅಂಡರ್‌ಸ್ಕೋರ್ ಬೇಡ, ಖಾಲಿ ಜಾಗ ಬೇಡ, ಬರೀ ಅಂಕಿಗಳ ಹೆಸರೂ ಬೇಡ. ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಹೆಸರಿನ ಒಂದು ಭಾಗ 63 ಅಕ್ಷರದವರೆಗೆ ಇರಬಹುದು, ಆದರೆ ವಿಂಡೋಸಿನ ನೆಟ್‌ಬಯಾಸ್ (ಒಳ ನೆಟ್‌ವರ್ಕಿನ ಹಳೆಯ ಪದ್ಧತಿ) ಹೆಸರು 15 ಅಕ್ಷರಕ್ಕೆ ಮುಗಿಯುತ್ತದೆ. ‘ಅಡಿಕೆಮಂಡಿ-ಸರ್ವರ್-1’, ‘ಅಡಿಕೆಮಂಡಿ-ಸರ್ವರ್-2’ ಎಂದು ಇಂಗ್ಲಿಷಿನಲ್ಲಿ ಬರೆದು 15 ಅಕ್ಷರಕ್ಕೆ ಕತ್ತರಿಸಿ ನೋಡಿ, ಎರಡೂ ಒಂದೇ ಆಗಿಬಿಡುತ್ತವೆ. ಯಂತ್ರಕ್ಕೊಂದು, ಅದು ಮಾಡುವ ಕೆಲಸಕ್ಕೊಂದು, ಹೀಗೆ ಎರಡು ಹೆಸರು ಇಟ್ಟುಕೊಳ್ಳುವುದು ಒಳ್ಳೆಯದು. ಯಂತ್ರದ ಹೆಸರು ಏನಾದರೂ ಇರಲಿ, ಡೇಟಾಬೇಸ್ ಸಂಪರ್ಕಕ್ಕೆ ‘ಮಂಡಿ-ಡಿಬಿ’ ಎಂಬ ಕೆಲಸದ ಹೆಸರು ಬಳಸಿ. ಹೊಸ ಸರ್ವರ್ ತಂದಾಗ ಆ ಹೆಸರನ್ನು ಅದರ ಕಡೆ ತಿರುಗಿಸಿದರೆ ಆಯಿತು. ಹೆಸರಿನ ಕೊನೆಗೆ ‘.ಲೋಕಲ್’ ಸೇರಿಸುವ ಅಭ್ಯಾಸ ಬಿಡಿ. ಅದು ಯಂತ್ರಗಳೇ ಪರಸ್ಪರ ಹೆಸರು ಕೇಳಿಕೊಳ್ಳುವ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲು, ಕೆಲವು ಯಂತ್ರಗಳಲ್ಲಿ ಸಿಗುತ್ತದೆ, ಕೆಲವದರಲ್ಲಿ ಸಿಗುವುದಿಲ್ಲ.

ನಮ್ಮ ಕಡೆಯ ಬಹುತೇಕ ಸಂಘ, ಮಂಡಿ, ಕ್ಲಿನಿಕ್‌ಗಳಲ್ಲಿ ಪ್ರತ್ಯೇಕ ಡಿಎನ್‌ಎಸ್ ಸರ್ವರ್ ಇರುವುದಿಲ್ಲ. ಹಾಗಾಗಿ ಹೆಸರು-ಐಪಿ ಜೋಡಿಯನ್ನು ಹೋಸ್ಟ್ಸ್ ಫೈಲಿನಲ್ಲಿ ಬರೆಯಬೇಕು. ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ, ಅಲ್ಲಿದೆ ಆ ಫೈಲು. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ಐಪಿ, ಒಂದು ಖಾಲಿ ಜಾಗ, ಆಮೇಲೆ ಹೆಸರು ಬರೆಯಿರಿ. ಉಳಿಸುವಾಗ ಫೈಲಿನ ಕೊನೆಗೆ ಟಿಎಕ್ಸ್‌ಟಿ ಅಂಟಿಕೊಂಡರೆ ಬರೆದದ್ದೆಲ್ಲ ವ್ಯರ್ಥ. ಪರೀಕ್ಷೆಗೆ ಎನ್‌ಎಸ್‌ಲುಕಪ್ ಆಜ್ಞೆ ಬಳಸಬೇಡಿ, ಅದು ಈ ಫೈಲನ್ನು ನೋಡದೆ ನೇರವಾಗಿ ಡಿಎನ್‌ಎಸ್ ಅನ್ನೇ ಕೇಳುತ್ತದೆ. ಆ ಹೆಸರು ಕೊಟ್ಟು ಪಿಂಗ್ ಆಜ್ಞೆ ಮಾಡಿ. ಉತ್ತರ ಬರದಿದ್ದರೂ ಹೆಸರಿನ ಪಕ್ಕದಲ್ಲಿ ಸರಿಯಾದ ಐಪಿ ಕಂಡರೆ ಹೆಸರಿನದ್ದು ತೊಂದರೆ ಇಲ್ಲ, ಹುಡುಕಬೇಕಾದದ್ದು ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಕಡೆ. ಹೊಸ ರೂಟರನ್ನು ವಿಂಡೋಸ್ ಹೊಸ ನೆಟ್‌ವರ್ಕ್ ಎಂದು ತಿಳಿದು ಸಾಮಾನ್ಯವಾಗಿ ಪಬ್ಲಿಕ್ ಪ್ರೊಫೈಲಿಗೆ (ಬಿಗಿಯಾದ ಫೈರ್‌ವಾಲ್ ನಿಯಮಗಳ ಗುಂಪಿಗೆ) ಹಾಕಿಬಿಡುತ್ತದೆ. ಪ್ರೈವೇಟ್ ಪ್ರೊಫೈಲಿಗೆಂದು ತೆರೆದಿದ್ದ ಪೋರ್ಟ್‌ಗಳೆಲ್ಲ (ಸಂಪರ್ಕದ ಬಾಗಿಲುಗಳು) ಅಲ್ಲಿಗೆ ಮುಚ್ಚಿದ ಹಾಗೆ.

ಬ್ಯಾಕಪ್ ಯಂತ್ರದಿಂದ ಸರ್ವರ್ ಕಂಡರೆ ಸಾಕು ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಸರ್ವರಿನಿಂದಲೂ ಬ್ಯಾಕಪ್ ಯಂತ್ರದ ಹೆಸರು ಸಿಗಬೇಕು. ಬಾಕುಲಾ ಎಂಬ ಬ್ಯಾಕಪ್ ತಂತ್ರಾಂಶ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಕೆಲಸ ನಡೆಸುವ ಡೈರೆಕ್ಟರ್, ಬ್ಯಾಕಪ್ ಆಗಬೇಕಾದ ಯಂತ್ರದಲ್ಲಿರುವ ಕ್ಲಯಂಟಿಗೆ, ಪ್ರತಿ ಇಡುವ ಸ್ಟೋರೇಜ್ ಎಲ್ಲಿದೆ ಎಂದು ಹೇಳಿ ಕಳಿಸುತ್ತದೆ, ಕ್ಲಯಂಟ್ ತಾನೇ ಹೋಗಿ 9103 ಪೋರ್ಟಿನಲ್ಲಿ ಅದನ್ನು ಸಂಪರ್ಕಿಸುತ್ತದೆ. ಡೈರೆಕ್ಟರ್ ಮತ್ತು ಸ್ಟೋರೇಜ್ ಒಂದೇ ಯಂತ್ರದಲ್ಲಿವೆ ಎಂದು ಸ್ಟೋರೇಜಿನ ವಿಳಾಸಕ್ಕೆ ‘ಲೋಕಲ್‌ಹೋಸ್ಟ್’ (ಇದೇ ಯಂತ್ರ) ಎಂದು ಬರೆದಿರೋ, ಡೇಟಾಬೇಸ್ ಸರ್ವರ್ ತನ್ನಲ್ಲೇ ಸ್ಟೋರೇಜ್ ಹುಡುಕುತ್ತಾ ಕೂರುತ್ತದೆ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಇದೇ ಜಾತಿಯ ಇನ್ನೊಂದು ಕಾಟವಿದೆ: ಹೋಸ್ಟ್ಸ್ ಫೈಲಿನಲ್ಲಿ ಯಂತ್ರದ ಸ್ವಂತ ಹೆಸರನ್ನು 127.0.1.1ಕ್ಕೆ (ಯಂತ್ರ ತನ್ನನ್ನೇ ಸೂಚಿಸುವ ವಿಳಾಸಕ್ಕೆ) ಕಟ್ಟಿರುತ್ತಾರೆ. ಆ ಸಾಲಿನಲ್ಲಿ ಲ್ಯಾನಿನ ನಿಜವಾದ ಐಪಿ ಹಾಕಿ.

ಇನ್ನು ಡೇಟಾಬೇಸ್‌ಗಳು. ಮೈಎಸ್‌ಕ್ಯೂಎಲ್‌ನಲ್ಲಿ ಬಳಕೆದಾರನ ಹೆಸರಿನ ಜೊತೆ ಅವನು ಯಾವ ಹೋಸ್ಟಿನಿಂದ ಬರುತ್ತಾನೆ ಎಂಬುದೂ ಖಾತೆಯ ಭಾಗ. ಲಿನಕ್ಸಿನಲ್ಲಿ ‘ಲೋಕಲ್‌ಹೋಸ್ಟ್’ ಎಂದರೆ ಯಂತ್ರದೊಳಗಿನ ಸಾಕೆಟ್ ಫೈಲು, 127.0.0.1 ಎಂದರೆ ಟಿಸಿಪಿ ಎಂಬ ನೆಟ್‌ವರ್ಕ್ ಸಂಪರ್ಕ. ಎರಡೂ ಒಂದೇ ಅಲ್ಲ. ಎರರ್ 1130 ಬಂದರೆ ಆ ಹೋಸ್ಟಿಗೆ ಹೊಂದುವ ಖಾತೆಯೇ ಇಲ್ಲ ಎಂದರ್ಥ, ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಡಿ. ಸರ್ವರಿನಲ್ಲಿ ‘ಸ್ಕಿಪ್-ನೇಮ್-ರಿಸಾಲ್ವ್’ (ಹೆಸರು ಹುಡುಕಬೇಡ ಎಂಬ ಆಯ್ಕೆ) ಹಾಕಿದ್ದರೆ ಖಾತೆಯಲ್ಲಿ ಹೋಸ್ಟ್‌ನೇಮ್ ಬರೆದು ಪ್ರಯೋಜನವಿಲ್ಲ, ಅಲ್ಲಿ ಮಾತ್ರ ಐಪಿಯೇ ಬೇಕು. ಸರ್ವರ್ ಕಿವಿಗೊಡುವ ವಿಳಾಸ, ಅಂದರೆ ಬೈಂಡ್-ಅಡ್ರೆಸ್ 127.0.0.1 ಎಂದಿದ್ದರಂತೂ ಹೊರಗಿನಿಂದ 3306 ಪೋರ್ಟನ್ನು ಯಾರೂ ಮುಟ್ಟಲಾರರು.

ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪಾಸ್‌ವರ್ಡ್ ಬರೆದಿಡುವ ಪಿಜಿಪಾಸ್ ಫೈಲಿನಲ್ಲಿ ಹೋಸ್ಟ್ ಎಂದು ಬರೆದದ್ದು, ಬ್ಯಾಕಪ್ ಆಜ್ಞೆಯಲ್ಲಿ ಕೊಟ್ಟದ್ದು ಅಕ್ಷರಶಃ ಒಂದೇ ಇರಬೇಕು. ಒಂದರಲ್ಲಿ ಐಪಿ, ಇನ್ನೊಂದರಲ್ಲಿ ಹೆಸರು ಇದ್ದರೆ ಪಾಸ್‌ವರ್ಡ್ ಸಿಗದೆ ರಾತ್ರಿಯ ಜಾಬ್ ನಿಲ್ಲುತ್ತದೆ. ಲಿನಕ್ಸಿನಲ್ಲಿ ಆ ಫೈಲಿನ ಅನುಮತಿ 0600 (ಮಾಲೀಕನಿಗೆ ಮಾತ್ರ ಓದು-ಬರಹ) ಇರಲಿ, ಸಡಿಲವಾಗಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸಣ್ಣ ಕಚೇರಿಗಳಲ್ಲಿ ಹೆಚ್ಚು ಕಾಣುವುದು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ಇದಕ್ಕೆ ಬರೀ ಹೋಸ್ಟ್‌ನೇಮ್ ಸಾಲದು, ಬ್ಯಾಕ್‌ಸ್ಲ್ಯಾಷ್ ಹಾಕಿ ಇನ್‌ಸ್ಟನ್ಸ್ (ಆ ಯಂತ್ರದಲ್ಲಿ ನಡೆಯುವ ಡೇಟಾಬೇಸ್ ಸರ್ವರಿನ ಒಂದು ಪ್ರತಿ) ಹೆಸರನ್ನೂ ಸೇರಿಸಬೇಕು. ಟಿಸಿಪಿ/ಐಪಿ ಮೊದಲಿಗೆ ಆಫ್ ಇರುತ್ತದೆ, ಕಾನ್ಫಿಗರೇಷನ್ ಮ್ಯಾನೇಜರಿನಲ್ಲಿ ಆನ್ ಮಾಡಿ. ಪೋರ್ಟನ್ನು 1433 ಎಂದು ಖಾಯಂ ಮಾಡಿ ಹೋಸ್ಟ್‌ನೇಮ್ ಆದ ಮೇಲೆ ಅಲ್ಪವಿರಾಮ ಹಾಕಿ ಬರೆದರೆ ಇನ್‌ಸ್ಟನ್ಸ್ ಹೆಸರಿನ ಗೊಡವೆಯೇ ಇಲ್ಲ, ಯುಡಿಪಿ 1434ರಲ್ಲಿ ಪೋರ್ಟ್ ಯಾವುದೆಂದು ತಿಳಿಸುವ ಎಸ್‌ಕ್ಯೂಎಲ್ ಬ್ರೌಸರ್ ಸೇವೆಯೂ ಬೇಕಿಲ್ಲ. ಯಂತ್ರದ ಹೆಸರು ಬದಲಿಸಿದ್ದರೆ ಎಸ್‌ಕ್ಯೂಎಲ್ ಸರ್ವರಿನ ಒಳಗೆ ಹಳೆಯ ಹೆಸರೇ ಉಳಿದಿರುತ್ತದೆ. ‘ಎಸ್‌ಪಿ_ಡ್ರಾಪ್‌ಸರ್ವರ್’ನಿಂದ ಹಳೆಯದನ್ನು ತೆಗೆದು, ‘ಎಸ್‌ಪಿ_ಆ್ಯಡ್‌ಸರ್ವರ್’ಗೆ ಹೊಸ ಹೆಸರಿನ ಜೊತೆ ‘ಲೋಕಲ್’ ಎಂದು ಕೊಟ್ಟು, ಸೇವೆಯನ್ನು ಮರುಆರಂಭಿಸಿ. ಬ್ಯಾಕಪ್ ಆಜ್ಞೆಯಲ್ಲಿ ಡಿ ಡ್ರೈವ್ ಎಂದು ಬರೆದರೆ ಅದು ಸರ್ವರಿನ ಡಿ ಡ್ರೈವ್, ನೀವು ಕುಳಿತ ಕಂಪ್ಯೂಟರಿನದ್ದಲ್ಲ, ಇದೂ ಗಮನದಲ್ಲಿರಲಿ.

ಹೆಸರು ಬದಲಿಸುವ ಮುನ್ನ ಬ್ಯಾಕಪ್ ತಂತ್ರಾಂಶದ ಕ್ಯಾಟಲಾಗ್ (ಪ್ರತಿಗಳ ಪಟ್ಟಿ) ನೋಡಿ. ನೆಟ್‌ಬ್ಯಾಕಪ್‌ನಂಥವು ಹಳೆಯ ಪ್ರತಿಗಳನ್ನು ಹಳೆಯ ಕ್ಲಯಂಟ್ ಹೆಸರಿನ ಅಡಿಯಲ್ಲೇ ಇಟ್ಟಿರುತ್ತವೆ. ಹೊಸ ಹೆಸರಿನಲ್ಲಿ ಹುಡುಕಿದರೆ ಏನೂ ಕಾಣದು, ಮಾರ್ಚ್ 31ರ ಲೆಕ್ಕ ಕಳೆದೇ ಹೋಯಿತು ಎಂಬ ಗಾಬರಿ ಹುಟ್ಟುವುದು ಇಲ್ಲಿಂದಲೇ. ಹಳೆಯ ಹೆಸರನ್ನು ಮೂಲವಾಗಿ, ಹೊಸದನ್ನು ಗುರಿಯಾಗಿ ಆರಿಸಿದರೆ ಫೈಲುಗಳು ಮರಳಿ ಬರುತ್ತವೆ. ಆದ್ದರಿಂದ ಹಳೆಯ ಪ್ರತಿಗಳ ಅವಧಿ ಮುಗಿಯುವವರೆಗೆ ಆ ಹೆಸರನ್ನು ಬೇರೆ ಯಂತ್ರಕ್ಕೆ ಇಡಬೇಡಿ.